ಹಾಜರಿಯ ಹಕಾರ

ನನ್ನ ಹೆಸರು ಹೇಮಲತಾ. ಬೇಗೂರಿನ ಬಾಲವಾಡಿಯ ಮಕ್ಕಳಿಗೆ ಏಮಲತಾ ಮಿಸ್. ಲಿಂಗಸುಗೂರಿನಿಂದ ಇಲ್ಲಿಗೆ ಬಂದ ನಾನು, ಈ ಮಕ್ಕಳ ಬಾಯಿಂದ ಹಕಾರ ಹೊರಡಿಸುವುದೇ ನನ್ನ ಜನ್ಮದ ಕೆಲಸವೆಂದು ತೊಂಬತ್ತಾರನೇ ಇಸವಿಯಲ್ಲಿ ನಂಬಿದ್ದೆ. ಹೆಸರು ಕೂಗಿದರೆ ‘ಆಜರ್’ ಅನ್ನುತ್ತಿದ್ದವು. ‘ಹಾಜರ್’ ಅನ್ನುವತನಕ ನಾನು ಬಿಡುತ್ತಿರಲಿಲ್ಲ. ಕಣ್ಣು ಹಾಜರಿ ಪುಸ್ತಕದಲ್ಲಿ, ಕಿವಿ ಹಕಾರದಲ್ಲಿ. ಮೂರು ಸಲ ಕೂಗಿದರೂ ಸದ್ದಿಲ್ಲವೆಂದರೆ ಕೆಂಪು ಶಾಯಿಯಲ್ಲಿ ‘ಗೈ’, ಅಂದರೆ ಗೈರು.

ಆ ಜೂನ್‌ನಲ್ಲಿ ಅಂಜಿನಮ್ಮ ಮಗಳು ಮಂಜುಶ್ರೀಯನ್ನು ಕರೆತಂದಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವವಳು ಆಕೆ. ನಾಲ್ಕು ವರ್ಷದ ಮಗುವಿಗೆ ಕಿವಿ ಕೇಳುತ್ತಿರಲಿಲ್ಲ. ಎರಡು ಕಡೆ ಬೇಡವೆಂದಿದ್ದರು. ನಾನೋ, ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಬೇಕೆಂಬ ವಿಷಯದಲ್ಲಿ ಮೂರು ದಿನ ತರಬೇತಿ ಪಡೆದು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದವಳು. ನಮ್ಮಲ್ಲಿ ಭೇದವಿಲ್ಲವೆಂದು ಹತ್ತು ನಿಮಿಷ ಭಾಷಣ ಬಿಗಿದೇ ಸೇರಿಸಿಕೊಂಡೆ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ, ಚಿತ್ರ ತೋರಿಸಿದೆ, ಸಂಜೆ ಗಂಡನೆದುರು ನನ್ನನ್ನು ನಾನೇ ಹೊಗಳಿಕೊಂಡೆ.

ತಿಂಗಳು ಕಳೆದ ಮೇಲೆ ಅಂಜಿನಮ್ಮ ಬೆಳಿಗ್ಗೆಯೇ ಬಂದಳು, ಕೈಯಲ್ಲೊಂದು ಚೀಟಿ ಹಿಡಿದು. ಇಪ್ಪತ್ತು ದಿನಕ್ಕಿಂತ ಹೆಚ್ಚು ಗೈರಾದ ಕಾರಣ ಮಂಜುಶ್ರೀಯ ಹೆಸರು ತೆಗೆಯಲಾಗುವುದೆಂದು ಆಡಳಿತ ಮಂಡಳಿಯವರು ಬರೆದಿದ್ದರು.

“ಬ್ಯಾಡ ಅನ್ನೋದಾದ್ರೆ ಬಾಯಲ್ಲೇ ಏಳ್ಬೋದಿತ್ತು ಮೇಡಂ. ದಿನಾ ತಲೆ ಬಾಚಿ ಕಳಿಸ್ತಿದ್ನಲ್ಲ.”

ಮಂಡಳಿಯವರ ತಪ್ಪೇ ಇರಬೇಕೆಂದು ಠೀವಿಯಿಂದ ಪುಸ್ತಕ ಬಿಡಿಸಿದೆ. ಮಂಜುಶ್ರೀಯ ಹೆಸರಿನ ಮುಂದೆ ಸಾಲಾಗಿ ಇಪ್ಪತ್ತೆರಡು ‘ಗೈ’, ನನ್ನದೇ ಮುದ್ದಾದ ಅಕ್ಷರದಲ್ಲಿ. ಕಿವಿ ಕೇಳದ ಮಗುವನ್ನು ಎದುರಿಗೇ ಕೂರಿಸಿಕೊಂಡು, ಸದ್ದು ಬರಲಿಲ್ಲವೆಂದು ದಿನವೂ ಗೈರು ಬರೆದ ಜಾಣೆ ನಾನು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ತಪ್ಪು ನಂದರಿ. ಹೆಸರು ತೆಗಿಯಾಕ ನಾ ಬಿಡಂಗಿಲ್ಲ,” ಅಂದೆ.

ಆಕೆ ನಂಬಲಿಲ್ಲ. ನಂಬುವಂಥದ್ದನ್ನು ನಾನೇನು ಮಾಡಿದ್ದೆ? ಆಕೆಯ ಎದುರೇ ಹಾಜರಿ ಕೂಗತೊಡಗಿದೆ, ಮೊದಲ ಬಾರಿಗೆ ತಲೆ ಎತ್ತಿ.

ಮಂಜುಶ್ರೀ ಎಂದು ಕರೆದೆ. ಪಕ್ಕದಲ್ಲಿದ್ದ ಪುಟ್ಟ ನಾಗವೇಣಿ ಅವಳ ಮೊಣಕಾಲು ತಟ್ಟಿದಳು. ಮಂಜುಶ್ರೀ ಥಟ್ಟನೆ ಕೈ ಎತ್ತಿದಳು.

ಇದನ್ನು ನೀನು ಅವಳಿಗೆ ಯಾವಾಗ ಕಲಿಸಿದೆ ಎಂದು ನಾಗವೇಣಿಯನ್ನು ಕೇಳಿದೆ.

“ಮೊದಲ್ನೇ ದಿನಾನೇ ಮಿಸ್. ದಿನಾ ಎತ್ತುತಾಳೆ. ನೀವು ನೋಡೋದೇ ಇಲ್ಲ.”

ಮಂಜುಶ್ರೀ ಕೈ ಇಳಿಸದೆ ನನ್ನನ್ನೇ ನೋಡುತ್ತಿದ್ದಳು. ನಾನೂ ಕೈ ಎತ್ತಿದೆ. ಆಮೇಲೆಯೇ ಅವಳು ಇಳಿಸಿದ್ದು.