ನಕಾರದವರೆಗೆ

"ಏಯ್ ಹೆಬ್ಬೆಟ್ಟು ಮುಂಡೇರಾ, ಏಳ್ರೇ ಬೆಂಚಿಂದ! ಮಕ್ಕಳು ಕೂತ್ಕೊಳ್ಳೋ ಬೆಂಚು ಅದು. ನಿಮ್ಮ ಕುಂಡಿ ಭಾರಕ್ಕೆ ಮುರಿದು ಬಿದ್ರೆ ನಿಮ್ಮಪ್ಪ ಬಂದು ಮಾಡಿಸಿಕೊಡ್ತಾನಾ?"

ಹೆಡ್ಮೇಷ್ಟ್ರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾವು ಎದ್ದು ನೆಲದ ಮೇಲೆ ಕೂತೆವು. ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ನಾವು. ರೋಗಿಗಳ ಹೊದಿಕೆ, ಡಾಕ್ಟರರ ಕೋಟು, ಹೆರಿಗೆ ಕೋಣೆಯ ಬಟ್ಟೆ, ಎಲ್ಲವೂ ನಮ್ಮ ಕೈ ದಾಟಿ ಬೆಳ್ಳಗಾಗಿ ಹೋಗುತ್ತವೆ. ನಮ್ಮ ಮೈಯ ವಾಸನೆ ಮಾತ್ರ ಯಾವ ಸೋಪಿಗೂ ಹೋಗುವುದಿಲ್ಲ. ಅಂದು ಸಂಜೆ ಒದ್ದೆ ಬಟ್ಟೆಯಲ್ಲೇ ಶಾಲೆಗೆ ಬಂದಿದ್ದೆವು, ಓದು ಬರಹ ಕಲಿಯಲು.

"ಇವರು ಹೋದ ಮೇಲೆ ನೆಲಕ್ಕೆ ಫಿನಾಯಿಲ್ ಹಾಕಿಸಮ್ಮ," ಎಂದರು ಹೆಡ್ಮೇಷ್ಟ್ರು ನಮ್ಮ ಟೀಚರಮ್ಮನಿಗೆ.

"ಯಾರ ಕೈಲಿ ಹಾಕಿಸಲಿ ಸಾರ್?"

"ಇವರ ಕೈಲೇ. ಮತ್ತಿನ್ಯಾರು?"

ನಾವು ಓದಿನ ಮೇಲಿನ ಆಸೆಗೆ ಬಂದವರಲ್ಲ, ಹೆದರಿ ಬಂದವರು. ನಮ್ಮಲ್ಲೆಲ್ಲ ಹಿರಿಯಳಾದ ದೊಡ್ಡಕ್ಕ ಸೋಪಿನ ನೀರೆಂದುಕೊಂಡು ಒಂದು ಡ್ರಮ್ಮಿಗೆ ಬಲಗೈ ಅದ್ದಿದ್ದಳು. ಅದರಲ್ಲಿದ್ದದ್ದು ಕಲೆ ತೆಗೆಯುವ ಆಸಿಡ್ಡು. ಎರಡೂ ಡ್ರಮ್ಮು ನೀಲಿ, ಎರಡಕ್ಕೂ ಒಂದೇ ಥರದ ಮುಚ್ಚಳ. ಅವಳ ಚರ್ಮ ಕೈಗವಸು ಕಳಚಿದ ಹಾಗೆ ಸುಲಿದು ಬಂತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ಒಣಗಿದವು. ಆ ಆಸ್ಪತ್ರೆಯ ಹೊದಿಕೆಗಳನ್ನು ಜೀವಮಾನವೆಲ್ಲ ಒಗೆದವಳಿಗೆ ಅಲ್ಲೊಂದು ಮಂಚ ಸಿಗಲಿಲ್ಲ. ವರಾಂಡದಲ್ಲಿ ಮಲಗಿಸಿದರು. ನೋಡಲು ಬಂದ ಮ್ಯಾನೇಜರು ಬಹಳ ನೊಂದುಕೊಂಡು ಹೇಳಿದರು:

"ಡ್ರಮ್ಮಿನ ಮೇಲೆ ಅಪಾಯ ಅಂತ ಅಷ್ಟು ದೊಡ್ಡದಾಗಿ ಬರೆದಿದೆಯಲ್ಲಮ್ಮ. ಓದ್ಕೊಂಡು ಕೈ ಹಾಕೋದಲ್ವಾ?"

"ಓದೋಕೆ ಬಂದಿದ್ರೆ ನಿಮ್ಮ ಹೇಲು ಉಚ್ಚೆ ಬಟ್ಟೆ ಯಾಕೆ ಒಗೀತಿದ್ದೆ ಸ್ವಾಮಿ?" ಎಂದಳು ದೊಡ್ಡಕ್ಕ ನರಳುತ್ತಲೇ.

"ಬಾಯಿ ಮುಚ್ಚೇ! ಕೈ ಬದಲು ನಿನ್ನ ನಾಲಿಗೆ ಸುಡಬೇಕಿತ್ತು," ಎಂದು ಗದರಿದ ನಮ್ಮ ಕೈಲಿ ಕೆಲಸ ಮಾಡಿಸುವ ಮೇಸ್ತ್ರಿ.

ಆದರೆ ಮ್ಯಾನೇಜರಿಗೆ ಆ ಮಾತಿನಿಂದ ಒಂದು ಉಪಾಯ ಹೊಳೆಯಿತು. ದೊಡ್ಡಕ್ಕನ ಗಾಯ ಒಣಗುವಷ್ಟರಲ್ಲಿ ನಮಗೆ ಸಂಜೆ ಶಾಲೆ ಶುರುವಾಯಿತು.

ಟೀಚರಮ್ಮ ನಮ್ಮ ಮಗಳ ವಯಸ್ಸಿನವಳು. ಹಗಲೆಲ್ಲ ಮಕ್ಕಳ ಜೊತೆ ಕೂಗಿ ಗಂಟಲು ಕಟ್ಟಿರುತ್ತಿತ್ತು. ಅದೇ ಅಭ್ಯಾಸದಲ್ಲಿ ಮೊದಲ ದಿನ ನಮಗೂ, "ಎಲ್ಲ ಬಾಯಿ ಮೇಲೆ ಬೆರಳಿಡಿ," ಎಂದಳು. ಮೊಮ್ಮಕ್ಕಳನ್ನು ಕಂಡವರೂ ಬೆರಳಿಟ್ಟೆವು. ದೊಡ್ಡಕ್ಕನಿಗೆ ಒಂದು ಬೆರಳು ಬೇರೆ ಮಾಡಲು ಬರಲಿಲ್ಲ. ಇಡೀ ಮುಷ್ಟಿಯನ್ನೇ ಬಾಯಿಗೆ ಒತ್ತಿ ಕೂತಳು. ಟೀಚರಮ್ಮ ಅದನ್ನು ನೋಡಿದಳು. ಆಮೇಲೆ ಯಾವತ್ತೂ ಹಾಗೆ ಹೇಳಲಿಲ್ಲ.

"ಅ ಅರಸ. ಆ ಆನೆ. ಹೇಳಿ."

"ಅರಸ ನಮ್ಮ ಬೀದಿಗೆ ಬರಲ್ಲ ತಾಯಿ, ಆನೇನೂ ಬರಲ್ಲ. ಬರೋದು ಆಸಿಡ್ಡು. ಅದನ್ನ ಹೇಳ್ಕೊಡು," ಎಂದಳು ದೊಡ್ಡಕ್ಕ.

"ಪುಸ್ತಕದಲ್ಲಿ ಇರೋ ಹಾಗೇ ಹೇಳ್ಕೊಡಬೇಕು ದೊಡ್ಡಕ್ಕ. ಅಕ್ಷರ ಎಲ್ಲ ಕಲೀರಿ. ಆಮೇಲೆ ಯಾವ ಡ್ರಮ್ಮು ಬಂದ್ರೂ ಯಾರನ್ನೂ ಕೇಳಬೇಕಾಗಿಲ್ಲ."

ಮರುದಿನ ಕೆಲಸದ ನಡುವೆ, ನಮ್ಮಲ್ಲೆಲ್ಲ ಚಿಕ್ಕವಳಾದ, ಒಂದು ಕಡೆ ನಿಲ್ಲದ್ದಕ್ಕೆ ಚಿಟ್ಟೆ ಎಂದು ಹೆಸರಾದವಳು ಡ್ರಮ್ಮಿನ ಮುಂದೆ ಕುಣಿದಾಡಿದಳು. "ದೊಡ್ಡಕ್ಕಾ, ಬಾ ಇಲ್ಲಿ! ಇದರ ಮೇಲೆ ಮೊದಲನೇದು ಅ! ಅರಸ ಕಣೇ!"

ದೊಡ್ಡಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಅವನೇ ಇರಬೇಕು ಬಿಡು. ಚರ್ಮ ಸುಲಿಯೋ ಬುದ್ಧಿ ಅವನಿಗೇ ಇರೋದು."

ಹೀಗೆ ನಗುತ್ತ ನಗುತ್ತ ಕಲಿತೆವು. ದೊಡ್ಡಕ್ಕ ಎಡಗೈಯಲ್ಲಿ ಸೀಮೆಸುಣ್ಣ ಹಿಡಿಯುತ್ತಿದ್ದಳು. ಅವಳ ಕಕಾರ ಕಾಲು ಮುರಿದ ಏಡಿಯ ಹಾಗಿರುತ್ತಿತ್ತು. ಠಕಾರ ಮಾತ್ರ ಎಲ್ಲರಿಗೂ ಒಂದೇ ಸಲಕ್ಕೆ ಬಂತು. "ಮೇಸ್ತ್ರಿ ತಲೆ ನೆನಪಿಟ್ಕೊಳ್ರೇ," ಎಂದಿದ್ದಳು ಚಿಟ್ಟೆ. "ಗುಂಡಗೆ, ಖಾಲಿ, ಒಳಗೊಂದು ಚುಕ್ಕಿಯಷ್ಟು ಬುದ್ಧಿ." ಬೀದಿಯಲ್ಲಿ ನಡೆಯುವಾಗ ಅಂಗಡಿಗಳ ಬೋರ್ಡಿನಲ್ಲಿ ಗೊತ್ತಿದ್ದ ಅಕ್ಷರ ಕಂಡರೆ ನಾನು ನಿಂತುಬಿಡುತ್ತಿದ್ದೆ. ಇಷ್ಟು ವರ್ಷ ಅವೆಲ್ಲ ನನಗೆ ಬೆನ್ನು ತಿರುಗಿಸಿ ಕೂತಿದ್ದವು. ಈಗ ಒಂದೊಂದಾಗಿ ಮುಖ ತೋರಿಸುತ್ತಿದ್ದವು.

ತಥದಧನ ಮುಗಿದ ಸಂಜೆ, ಓದು ಕಲಿಸುವ ಇಲಾಖೆಯ ಸಾಹೇಬರು ಬಂದರು. ಯಾವುದಕ್ಕೂ ನೂರಕ್ಕೆ ನೂರು ಎನ್ನುವುದು ಅವರ ಚಾಳಿ. ಕರಿಹಲಗೆಯ ಕೊನೆಯ ಅಕ್ಷರದ ಮೇಲೆ ಬೆತ್ತ ಇಟ್ಟರು.

"ಇದೇನು?"

"ನ!" ಎಂದು ಕಿರುಚಿದೆವು.

"ಭೇಷ್! ನೂರಕ್ಕೆ ನೂರು! ಮುಗೀತು. ನಾಳೆ ಸಂಜೆ ಸಮಾರಂಭ ಇಟ್ಕೊಳ್ಳೋಣ. ಇನ್ನು ಕ್ಲಾಸ್ ಬೇಡ."

ಟೀಚರಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಸಾರ್, ಇನ್ನೂ ಅಕ್ಷರ ಬಾಕಿ ಇವೆ. ಕಾಗುಣಿತ, ಒತ್ತಕ್ಷರ ಒಂದೂ ಆಗಿಲ್ಲ..."

"ಬಟ್ಟೆ ಒಗೆಯೋರಿಗೆ ಒತ್ತಕ್ಷರ ಯಾಕಮ್ಮ? ಒಗೆಯುವಾಗ ಒತ್ತಿದ್ರೆ ಸಾಕು." ಸಾಹೇಬರು ತಮ್ಮ ಮಾತಿಗೆ ತಾವೇ ನಕ್ಕರು. ಹೆಡ್ಮೇಷ್ಟ್ರು ಅವರಿಗಿಂತ ಜಾಸ್ತಿ ನಕ್ಕರು.

ಮರುದಿನ ಅದೇ ಕೋಣೆಗೆ ಬಣ್ಣದ ಕಾಗದ ಕಟ್ಟಿದ್ದರು. ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ನೆಲದ ಮೇಲೆ ಕೂತರೆ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲವಂತೆ. ಕಾಣದ ಹಾಗೆ ಕೈ ಮಡಚಿಟ್ಟುಕೊ ಎಂದು ಫೋಟೋದವನು ದೊಡ್ಡಕ್ಕನಿಗೆ ಹೇಳಿದ. ಸಾಹೇಬರು ಮಾತಾಡಿದರು. ನಮ್ಮ ಬಾಳಿನ ಕತ್ತಲೆ ಹೋಗಿ ಬೆಳಕು ಬಂದಿತ್ತಂತೆ. ಆಮೇಲೆ ಮ್ಯಾನೇಜರು ಎದ್ದರು.

"ಇನ್ನು ನಮ್ಮಲ್ಲಿ ಓದು ಬಾರದವರು ಒಬ್ಬರೂ ಇಲ್ಲ. ಹಾಗಾಗಿ ಇನ್ಮುಂದೆ ಯಾರಾದ್ರೂ ಡ್ರಮ್ಮಿಗೆ ಕೈ ಹಾಕಿ ಸುಟ್ಕೊಂಡ್ರೆ, ಅದು ಓದಿಯೂ ಮಾಡಿದ ತಪ್ಪಾಗುತ್ತೆ. ಅದಕ್ಕೆ ಆಸ್ಪತ್ರೆ ಹೊಣೆ ಅಲ್ಲ."

ಮುಂದಿನ ಕುರ್ಚಿಗಳವರು ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಸನ್ನೆ ಮಾಡಿದ್ದಕ್ಕೆ ನಮ್ಮವರೂ ಒಬ್ಬಿಬ್ಬರು ತಟ್ಟಿದರು. ಆಗ ದೊಡ್ಡಕ್ಕ ಎದ್ದು ನಿಂತಳು.

"ನನಗೆ ಓದೋಕೆ ಬರಲ್ಲ ಸ್ವಾಮಿ."

ಸಾಹೇಬರು ನಕ್ಕರು. "ಬರುತ್ತಮ್ಮ, ಬರುತ್ತೆ. ಸಂಕೋಚ ಬೇಡ."

"ಸಂಕೋಚ ಏನಿಲ್ಲ. ಬರಲ್ಲ ಅಷ್ಟೇ."

"ಬರುತ್ತೆ ಅಂತ ಸರ್ಕಾರವೇ ಹೇಳಿದೆ. ಸರ್ಕಾರಕ್ಕಿಂತ ನಿನಗೆ ಜಾಸ್ತಿ ಗೊತ್ತಾ?"

"ನನ್ನ ತಲೇಲಿ ಏನಿಲ್ಲ ಅನ್ನೋದು ನನಗೆ ತಾನೆ ಗೊತ್ತಿರೋದು?"

ಚಿಟ್ಟೆ ಎದ್ದಳು. "ನನಗೂ ಬರಲ್ಲ."

ನಾನೂ ಎದ್ದೆ. ಓದು ಬಾರದ್ದಕ್ಕೆ ಹುಟ್ಟಿದಾಗಿನಿಂದ ಬೈಸಿಕೊಂಡು ತಲೆ ತಗ್ಗಿಸಿದವಳು ನಾನು. ಅದನ್ನೇ ತಲೆಯೆತ್ತಿ ಹೇಳಬಹುದೆಂದು ಅವತ್ತಿನವರೆಗೆ ಹೊಳೆದಿರಲಿಲ್ಲ. "ಬರಲ್ಲ," ಎಂದೆ. ನನ್ನ ಹಿಂದೆ ಬೆಂಚುಗಳು ಕಿರುಗುಟ್ಟಿದವು. ಎಲ್ಲರೂ ಎದ್ದಿದ್ದರು.

"ಏನಮ್ಮಾ ಇದು ನಾಟಕ?" ಸಾಹೇಬರು ಟೀಚರಮ್ಮನ ಕಡೆ ತಿರುಗಿದರು. "ಇವರಿಗೆ ಕಲಿಸಿದ್ದೀಯೋ ಇಲ್ವೋ?"

ಟೀಚರಮ್ಮ ಹೆಡ್ಮೇಷ್ಟ್ರ ಮುಖ ನೋಡಿದಳು. "ನಕಾರದವರೆಗೆ ಆಗಿದೆ ಸಾರ್. ಮುಂದಕ್ಕೆ ಆಗಿಲ್ಲ."

ಸಾಹೇಬರು ಕಾರು ಹತ್ತಿದರು. ಮ್ಯಾನೇಜರು ಸಮಾಧಾನ ಹೇಳುತ್ತ ಕಾರಿನ ಹಿಂದೆಯೇ ಓಡಿದರು. ಫೋಟೋದವನೂ ಜಾಗ ಖಾಲಿ ಮಾಡಿದ. ಮೇಸ್ತ್ರಿ ಒಳಗೆ ನುಗ್ಗಿದ.

"ನಡೀರೇ ಭೋಸುಡೀರಾ! ಹೊರಗೆ ವ್ಯಾನ್ ತುಂಬ ಕೊಳೆ ಬಟ್ಟೆ ಬಂದು ನಿಂತಿದೆ. ನಾಳೆ ಆಪರೇಷನ್ನಿಗೆ ಹಾಸೋಕೆ ಒಂದು ತುಂಡು ಬಟ್ಟೆ ಇಲ್ಲ!"

"ಡ್ರಮ್ಮಿನ ಮುಚ್ಚಳ ತೆಗೆಯೋಕೆ ಓದು ಬಂದವರು ಬೇಕಲ್ಲಪ್ಪ," ಎಂದಳು ದೊಡ್ಡಕ್ಕ, ಮತ್ತೆ ಕೂರುತ್ತ. "ಮ್ಯಾನೇಜರಿಗೆ ಚೆನ್ನಾಗಿ ಬರುತ್ತೆ. ಅವರನ್ನೇ ಕರಿ."

"ಕೆಲಸ ಹೋಗುತ್ತೆ!"

ಯಾರೂ ಏಳಲಿಲ್ಲ. ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹೆಡ್ಮೇಷ್ಟ್ರು ಸಿಟ್ಟಿನಿಂದ ಮೇಸ್ತ್ರಿಯನ್ನು ಹೊರಗೆಳೆದು ಬಾಗಿಲು ಹಾಕಿದರು. ಚಿಲಕದ ಸದ್ದು, ಬೀಗದ ಸದ್ದು. "ಕೂತ್ಕೊಳ್ಳಿ ಒಳಗೇ! ಜನ್ಮವಿಡೀ ಕಲೀರಿ!"

ಆತುರದಲ್ಲಿ ಟೀಚರಮ್ಮನನ್ನೂ ಕೂಡಿಹಾಕಿದ್ದರು. ಅವಳು ಬಾಗಿಲ ಹತ್ತಿರ ಹೋಗಿ, ಬಡಿಯಲು ಕೈಯೆತ್ತಿ, ಹಾಗೇ ನಿಂತಳು. ಕೈ ಇಳಿಸಿದಳು. ಕರಿಹಲಗೆಗೆ ಅಂಟಿಸಿದ್ದ ಬಣ್ಣದ ಕಾಗದ ಕಿತ್ತು ಹಾಕಿ, ದೊಡ್ಡದಾಗಿ ಪ ಎಂದು ಬರೆದಳು.

ಹೊರಗೆ ವ್ಯಾನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಮೇಸ್ತ್ರಿ ಕಿಟಕಿಯ ಸರಳು ಹಿಡಿದು ಕೂಗುತ್ತಿದ್ದ. ನಾವೆಲ್ಲ ಅತ್ತ ತಿರುಗಿದೆವು. ಟೀಚರಮ್ಮ ಮೇಜಿನ ಮೇಲೆ ಕೋಲು ಕುಟ್ಟಿದಳು.

"ಕಿಟಕಿ ಕಡೆ ಏನು ನೋಡ್ತೀರ? ಇಲ್ಲಿ ನೋಡಿ."