ಡಬ್ಬಿಯಲ್ಲಿ ಉಳಿದದ್ದು

ಹುಡುಗಿ ತಟ್ಟೆ ನೆಕ್ಕುತ್ತಿದ್ದಳು. ಬೆರಳಿಗಂಟಿದ ಅಗುಳನ್ನೂ ಬಿಡಲಿಲ್ಲ. ಸ್ಮಶಾನದಿಂದ ಬಂದವರಿಗೆಂದು ಎದುರುಮನೆಯ ನರ್ಸಮ್ಮ ಅನ್ನ ಮಾಡಿ ತಂದಿದ್ದರು. ತಟ್ಟೆ ಖಾಲಿಯಾಯಿತೆಂದು ಅವರು ಮತ್ತೆ ಬಡಿಸುವುದು, ಹುಡುಗಿ ಮತ್ತೆ ಖಾಲಿ ಮಾಡುವುದು ನಡೆದೇ ಇತ್ತು.

"ಅಜ್ಜಿಗೆ ತಕ್ಕ ಮೊಮ್ಮಗಳು," ಎಂದರು ಅಜ್ಜಿ ಕೆಲಸಕ್ಕಿದ್ದ ಹೊಲಿಗೆ ಅಂಗಡಿಯ ಯಜಮಾನರು. "ಆಯಮ್ಮ ಹೋದ್ರೂ ತಟ್ಟೇಲಿ ಅನ್ನ ಬಿಡೋಕೆ ಕೈ ನಡುಗುತ್ತೆ ಕಣ್ರೀ. ನನ್ನ ಅಂಗಡೀಲಿ ಚೂರು ಬಟ್ಟೆ ಕಸಕ್ಕೆ ಹೋಗೋಕೆ ಬಿಟ್ಟವರಲ್ಲ. ಈ ಅಂಗಿ ಜೇಬು ನೋಡಿ, ಯಾರದೋ ಪ್ಯಾಂಟಿಂದು!"

ಎಲ್ಲರೂ ನಕ್ಕರು. ಸೊಸೆಗೆ ನಗು ಬರಲಿಲ್ಲ. ಬೆಳಗ್ಗೆ ನರ್ಸಮ್ಮ ಕೇಳಿದ್ದರು: "ಎದೆನೋವು ಅಂತ ಏನಾದ್ರೂ ಅಂದಿದ್ರೇನಮ್ಮ ನಿಮ್ಮತ್ತೆ?" ಇಲ್ಲ ಎಂದುಬಿಟ್ಟಿದ್ದಳು. ಆಗಿನಿಂದ ಅವಳ ಜೀವದಲ್ಲಿ ಜೀವವಿರಲಿಲ್ಲ.

*

ಅತ್ತೆಯದು ಒಂದೇ ಹಟ: ಶಾಲೆಗೆ ಕಟ್ಟಿದ ಊಟ ಕಸದ ಬುಟ್ಟಿ ಸೇರಬಾರದು. ಪ್ಲಾಸ್ಟಿಕ್ ಬೇಡವೆಂದು ಚೂರು ಬಟ್ಟೆಯಲ್ಲೇ ಡಬ್ಬಿಗೆ ಚೀಲ ಹೊಲಿದಿದ್ದರು. ಬ್ರೆಡ್ಡನ್ನು ಮೊಮ್ಮಗಳ ಬಾಯಿಯ ಅಳತೆಗೆ ಕತ್ತರಿಸಿ, ಹಣ್ಣನ್ನು ಅರ್ಧವೇ ಇಟ್ಟು ತುಂಬುತ್ತಿದ್ದರು. ಅಷ್ಟಾಗಿಯೂ ಉಳಿದರೆ ಸಂಜೆ ಡಬ್ಬಿ ಬಿಚ್ಚಿ ತಾವೇ ತಿನ್ನುತ್ತಿದ್ದರು. "ನನ್ನ ಹೊಟ್ಟೇನ ಬಾಡಿಗೆಗೆ ಕೊಟ್ಟಿದೀನಾ?" ಎನ್ನುತ್ತಿದ್ದರು.

ನಿನ್ನೆ ಮೊಮ್ಮಗಳು ಪುಟ್ಟಿ ಮೊಟ್ಟೆಯನ್ನು ಮುಟ್ಟದೆ ವಾಪಸು ತಂದಳು. ಅತ್ತೆ ತಿಂದರು. ಸ್ವಲ್ಪ ಹೊತ್ತಿಗೆ ಬೆವರುತ್ತಾ ಎದೆಯ ಮೇಲೆ ಕೈಯಿಟ್ಟು ಕೂತರು.

"ಒಂಥರಾ ಹಿಂಡ್ತಾ ಇದೆ ಕಣೇ."

"ದಿನವೆಲ್ಲ ಡಬ್ಬೀಲಿ ಕೂತದ್ದು ತಿಂದ್ರೆ ಹಿಂಡದೆ ಇರುತ್ತಾ ಅತ್ತೆ? ಇದನ್ನೇ ತಿಂದು ತಿಂದು ಒಂದಿನ ಸಾಯ್ತೀರಿ ನೋಡಿ," ಎಂದು ಗದರಿ, ಗ್ಯಾಸಿನ ಮಾತ್ರೆ ಕೊಟ್ಟು ಮಲಗಿಸಿದಳು. ಪುಟ್ಟಿ ಪಕ್ಕದಲ್ಲೇ ಹೋಂವರ್ಕ್ ಬರೆಯುತ್ತಿದ್ದಳು. ಗಂಡ ರಾತ್ರಿ ಪಾಳಿಗೆ ಹೋಗಿದ್ದ. ಬೆಳಗ್ಗೆ ಅತ್ತೆ ಏಳಲಿಲ್ಲ. ಡಾಕ್ಟರು ಬಂದು ಹೃದಯಾಘಾತ ಎಂದರು.

*

"ಸಾಕು ಬಿಡೇ," ಎಂದು ಸೊಸೆ ಮಗಳ ತಟ್ಟೆಗೆ ಕೈ ಹಾಕಿದಳು. ಹುಡುಗಿ ಅದನ್ನು ಎದೆಗವಚಿಕೊಂಡಳು. ಕಣ್ಣಲ್ಲಿ ನೀರು, ಬಾಯಿ ತುಂಬ ಅನ್ನ.

"ಉಳಿಸಲ್ಲ ಅಮ್ಮ. ಉಳಿಸಿದ್ರೆ ಅಪ್ಪ ತಿಂತಾರೆ. ಅಪ್ಪಾನೂ ಸತ್ತೋಗ್ತಾರೆ."

"ಯಾರು ಪುಟ್ಟಿ ಹಾಗಂದಿದ್ದು?" ಎಂದ ಗಂಡ.

ಹುಡುಗಿ ಅಮ್ಮನ ಮುಖ ನೋಡಿದಳು.

ಸೊಸೆಗೆ ಗೊತ್ತಿತ್ತು: ಸುಮ್ಮನಿದ್ದರೆ ತಾನು ಪಾರು. ಆ ಮೊಟ್ಟೆಯ ಪಾಪವನ್ನು ಮಗಳು ಬದುಕಿರುವಷ್ಟು ದಿನ ಹೊರಬೇಕು. ಹೇಳಿದರೆ ಗಂಡ ಮತ್ತೆ ತನ್ನ ಮುಖ ನೋಡುತ್ತಾನೋ ಇಲ್ಲವೋ. ಹೆಣದ ಮುಂದೆ ಕೂತಾಗಲೂ ಅವಳು ಇಷ್ಟು ಹೆದರಿರಲಿಲ್ಲ.

"ನಾನೇ," ಎಂದಳು. "ಮೊಟ್ಟೆಯಿಂದ ಅಲ್ಲ ಪುಟ್ಟಿ. ಎದೆ ಹಿಂಡ್ತಿದೆ ಅಂದ್ರು ಅಜ್ಜಿ. ನಾನು ಗ್ಯಾಸು ಅಂದ್ಕೊಂಡೆ. ಆಸ್ಪತ್ರೆಗೆ ಕರಕೊಂಡು ಹೋಗ್ಲಿಲ್ಲ."

ನರ್ಸಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಗಂಡ ಗೋಡೆ ಹಿಡಿದು ಕುಸಿದು ಕೂತ.

ಸೊಸೆ ತಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಉಳಿದದ್ದರಲ್ಲಿ ಒಂದು ತುತ್ತು ನುಂಗಿದಳು. ಎರಡನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಹುಡುಗಿ ಎರಡೂ ಕೈಗಳಿಂದ ಅವಳ ಮಣಿಕಟ್ಟನ್ನು ಹಿಡಿದಳು. ಹಿಡಿದುಕೊಂಡೇ, ಕಣ್ಣು ಮಿಟುಕಿಸದೆ, ಅಮ್ಮನ ಎದೆ ಏರಿಳಿಯುವುದನ್ನು ನೋಡುತ್ತಾ ಕೂತಳು.