ನಾಲ್ಕನೇ ಸಾಲಿನ ಕಿರುಗುಟ್ಟುವ ಕುರ್ಚಿ

ಯಾವುದಾದರೂ ಕಿರುಗುಟ್ಟಿದರೆ ನನ್ನ ಅಪ್ಪನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಅವನದು ರಿಪೇರಿ ಅಂಗಡಿ. ಹೊಲಿಗೆ ಮಿಷನ್ನು, ಫ್ಯಾನು, ಬಾಗಿಲ ಕೀಲು, ಏನು ತಂದುಕೊಟ್ಟರೂ ಬಾಯಿ ಮುಚ್ಚಿಸಿ ಕಳಿಸುತ್ತಾನೆ. ಬೇರೆಯವರು ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡರೆ ಇವನು ಉದ್ದ ಮೂತಿಯ ಪುಟ್ಟ ಎಣ್ಣೆ ಕುಪ್ಪಿ ಸಿಕ್ಕಿಸಿಕೊಳ್ಳುತ್ತಾನೆ. ನೆಂಟರ ಮನೆಗೆ ಹೋದರೆ ತಾನು ನೀರು ಕುಡಿಯುವ ಮೊದಲು ಅವರ ಬಾಗಿಲಿಗೆ ಎಣ್ಣೆ ಕುಡಿಸುತ್ತಾನೆ. ಬೀದಿಯವರು ಅವನಿಗೆ ಎಣ್ಣೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ.

ಅಂಥವನ ಮಗಳು ನಾನು, ಸದ್ದು ಮಾಡುವ ಕೆಲಸ ಹಿಡಿದೆ. ಸಿನಿಮಾದಲ್ಲಿ ನಾಯಕಿ ಮೆಟ್ಟಿಲಿಳಿಯುವಾಗ ಕೇಳುವ ಟಕ್ ಟಕ್ ಅವಳದಲ್ಲ. ಸ್ಟುಡಿಯೋದ ಕೋಣೆಯಲ್ಲಿ ಅವಳ ಕಾಲನ್ನೇ ನೋಡುತ್ತ ಹಲಗೆಯ ಮೇಲೆ ಕುಣಿಯುವ ನನ್ನದು. ಅಪ್ಪನಿಗೆ ಎಷ್ಟು ವಿವರಿಸಿದರೂ ಅವನದು ಒಂದೇ ರಾಗ.

"ನಡೆದ್ರೆ ಸದ್ದು ತಾನಾಗೇ ಬರತ್ತೆ. ಅದಕ್ಕೊಬ್ರು ಬೇಕಾ? ಇದೂ ಒಂದು ಕೆಲಸಾನಾ?"

ಹೋದ ವರ್ಷ ರೇಗಿ ಹೋಗಿ ನಾನೇ ಮಾತು ಕೊಟ್ಟುಬಿಟ್ಟೆ. "ಒಂದೇ ಒಂದು ವರ್ಷ ಕೊಡು. ನಾನು ಸದ್ದು ಮಾಡಿದ ಒಂದು ಸಿನಿಮಾ ನೋಡು. ಆಮೇಲೂ ಇದು ಕೆಲಸ ಅಲ್ಲ ಅಂದ್ರೆ ತೆಪ್ಪಗೆ ಬಂದು ನಿನ್ನ ಅಂಗಡೀಲಿ ಕೂರ್ತೀನಿ." ಅಪ್ಪ ಮಾರನೆಯ ದಿನವೇ ನನಗಾಗಿ ಒಂದು ತಿರುಗುವ ಸ್ಟೂಲು ಹೊಂದಿಸಿ, ಎಣ್ಣೆ ಬಿಟ್ಟು, ಮೇಲೊಂದು ದಿಂಬನ್ನೂ ಹೊಲಿಸಿ ಇಟ್ಟ. ಆ ಸ್ಟೂಲು ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ವರ್ಷ ಮುಗಿಯುವ ವಾರ ಸಿನಿಮಾ ಬಿಡುಗಡೆಯಾಯಿತು. ಮ್ಯಾಟ್ನಿ ಶೋಗೆ ನಾಲ್ವರು ಹೋದೆವು: ಅಪ್ಪ, ಅವನ ಅಕ್ಕ ಅಂದರೆ ನನ್ನ ಅತ್ತೆ, ಅತ್ತೆಯ ಗಂಡ ಮಾವ, ಮತ್ತು ನಾನು. ನಾಲ್ಕನೇ ಸಾಲು ಸಿಕ್ಕಿತು.

ಕಥೆ ಇಷ್ಟೇ. ಏಳು ಜನರ ಕುಟುಂಬವೊಂದು ಸಮುದ್ರ ನೋಡಲು ಹೊರಡುತ್ತದೆ. ಬಸ್ಸು ತಪ್ಪುತ್ತದೆ, ರೈಲು ಬೇರೆಯೇ ಊರಿಗೆ ಒಯ್ಯುತ್ತದೆ, ಗುರುತಿಲ್ಲದವರ ಮದುವೆಯಲ್ಲಿ ಊಟಕ್ಕೆ ಕೂತು ಸಿಕ್ಕಿಬೀಳುತ್ತಾರೆ. ಅಜ್ಜಿ ಮಾತ್ರ ಎಲ್ಲ ಕಡೆಗೂ ಒಂದು ದೈತ್ಯ ಸೂಟ್‌ಕೇಸನ್ನು ಎಳೆದುಕೊಂಡೇ ಬರುತ್ತಾಳೆ. ಅದರ ಒಂದು ಚಕ್ರ ಕಿರ್ರ್‌ಕಿಚ್, ಕಿರ್ರ್‌ಕಿಚ್ ಎನ್ನುತ್ತದೆ. ಆ ಚಕ್ರ ನಾನು. ಅಜ್ಜಿಗೆ ಸಿಟ್ಟು ಬಂದರೆ ಚಕ್ರವೂ ಸಿಡುಕಬೇಕು, ಅಜ್ಜಿ ದಣಿದರೆ ಚಕ್ರವೂ ನರಳಬೇಕು. ಆ ಸದ್ದಿಗಾಗಿ ಹದಿನೆಂಟು ದಿನ ಒಂದು ತುಕ್ಕು ಹಿಡಿದ ಬಾಗಿಲ ಕೀಲನ್ನು ಹಿಡಿದು ಗುದ್ದಾಡಿದ್ದೆ; ಅದು ಇವತ್ತೂ ನನ್ನ ಚೀಲದಲ್ಲೇ ಇತ್ತು.

ಅರ್ಧ ಗಂಟೆಯಲ್ಲಿ ಥಿಯೇಟರು ಎರಡು ಹೋಳಾಯಿತು. ಅತ್ತೆಯ ಪಕ್ಷದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾವನ ಪಕ್ಷದವರು ಗಡಿಯಾರ ನೋಡುತ್ತಿದ್ದರು.

"ಸಮುದ್ರ ಎಲ್ಲೇ?" ಎಂದರು ಮಾವ.

"ಬರತ್ತೆ, ಸುಮ್ನಿರ್ರೀ," ಎಂದು ಅತ್ತೆ ಕಣ್ಣೊರೆಸಿಕೊಂಡಳು.

ಅಪ್ಪ ಯಾವ ಪಕ್ಷಕ್ಕೂ ಸೇರದೆ ಕಂಬದ ಹಾಗೆ ಕೂತಿದ್ದ. ಆಮೇಲೆ ನನಗೆ ತುಂಬ ಇಷ್ಟವಾದ ದೃಶ್ಯ ಬಂತು. ಕುಟುಂಬ ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದೆ, ಅಜ್ಜಿ ಕಾಣುವುದಿಲ್ಲ. ಎಲ್ಲೋ ಹಿಂದಿನಿಂದ, ಗೋಡೆಯ ಸ್ಪೀಕರುಗಳಲ್ಲಿ, ಅವಳ ಚಕ್ರದ ಸದ್ದು ಮಾತ್ರ ಸುತ್ತುತ್ತದೆ. ಪೂರಾ ಎರಡು ನಿಮಿಷ ನನ್ನದೇ ಕಾರುಬಾರು! ಅಪ್ಪನ ಮುಖ ನೋಡೋಣವೆಂದು ಪಕ್ಕಕ್ಕೆ ತಿರುಗಿದೆ. ಕುರ್ಚಿ ಖಾಲಿ.

ಅಪ್ಪ ಎದ್ದು ಹೋಗಿದ್ದಾನೆ. ಎಲ್ಲ ಬಿಟ್ಟು ಈ ಎರಡು ನಿಮಿಷದಲ್ಲೇ ಹೋಗಬೇಕಿತ್ತೇ? ದಿಂಬಿನ ಸಮೇತ ಆ ಸ್ಟೂಲು ಕಣ್ಣ ಮುಂದೆ ಗಿರಗಿರ ತಿರುಗಿತು. ಅಳು ಬಂತು, ಸಿಟ್ಟೂ ಬಂತು.

ಅಷ್ಟರಲ್ಲಿ ಸಾಲಿನ ಆ ತುದಿಯಲ್ಲಿ ಒಬ್ಬ ಹೆಂಗಸು ಕಿಟಾರನೆ ಕಿರುಚಿದಳು. "ಅಯ್ಯೋ, ಕಾಲ ಕೆಳಗೆ ಯಾರೋ ಇದಾರೆ!"

ಇಂಟರ್‌ವಲ್ಲಿನ ದೀಪ ಹತ್ತಿತು. ಕುರ್ಚಿಗಳ ಸಂದಿಯಿಂದ, ಮಂಡಿಯೂರಿಕೊಂಡು, ತಲೆತುಂಬ ಪಾಪ್‌ಕಾರ್ನ್ ಧೂಳು ಮೆತ್ತಿಕೊಂಡು ನನ್ನ ಅಪ್ಪ ಹೊರಬಂದ. ಕೈಯಲ್ಲಿ ಎಣ್ಣೆ ಕುಪ್ಪಿ.

"ಕಾಲು ಎತ್ತಿ ಅಂದೆ, ಈಯಮ್ಮ ಎತ್ತಲಿಲ್ಲ," ಎಂದ. "ಈ ಸಾಲಲ್ಲಿ ಯಾವುದೋ ಕುರ್ಚಿ ಕಿರುಗುಟ್ತಾ ಇದೆ. ಹನ್ನೆರಡಕ್ಕೂ ಎಣ್ಣೆ ಬಿಟ್ಟೆ, ಜಪ್ಪಯ್ಯ ಅಂದ್ರೂ ನಿಲ್ತಿಲ್ಲ. ನಲವತ್ತು ವರ್ಷದಲ್ಲಿ ನಂಗೆ ಹೀಗಾಗಿಲ್ಲ ಕಣೇ." ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಬಿದ್ದು ಬಿದ್ದು ನಕ್ಕೆ.

"ಅಪ್ಪಾ, ಅದು ಕುರ್ಚಿ ಅಲ್ಲ. ಅದು ನಾನು."

"ನೀನ್ಯಾಕೆ ಕಿರುಗುಟ್ತೀಯ?"

ಹೊರಗಿನ ಹಜಾರದಲ್ಲಿ ಎರಡೂ ಪಕ್ಷಗಳು ಕಿತ್ತಾಡುತ್ತಿದ್ದವು. ಒಬ್ಬರು ಇಂಥ ಸಿನಿಮಾ ಬಂದೇ ಇಲ್ಲ ಎಂದರೆ ಇನ್ನೊಬ್ಬರು ಬರಬಾರದಿತ್ತು ಎನ್ನುತ್ತಿದ್ದರು. ನಾನು ಅಪ್ಪನನ್ನು ಅಲ್ಲಿಗೇ ಎಳೆದುಕೊಂಡು ಹೋಗಿ, ಚೀಲದಿಂದ ಕೀಲು ತೆಗೆದು, ಹೆಬ್ಬೆರಳಲ್ಲಿ ಒಮ್ಮೆ ತಡೆದು ತಿರುಗಿಸಿದೆ. ಕಿರ್ರ್‌ಕಿಚ್! ಹಜಾರ ಗಪ್‌ಚುಪ್ಪಾಯಿತು. ಆಮೇಲೆ ಅರ್ಧ ಜನ ಚಪ್ಪಾಳೆ ತಟ್ಟಿದರು, ಇನ್ನರ್ಧ ಜನ ಕಿವಿ ಮುಚ್ಚಿಕೊಂಡರು.

ಅಪ್ಪ ಕೀಲನ್ನು ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದ. "ಇದು ನನ್ನ ಗುಜರಿ ಡಬ್ಬೀದು."

"ಹೌದು, ಕದ್ದೆ."

ತಾನೂ ತಿರುಗಿಸಿದ. ಬರೀ ಕರಕರ ಎಂದಿತು. ಮತ್ತೆ ತಿರುಗಿಸಿದ. ಕೀಲುಗಳ ಜೊತೆ ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಆ ಸದ್ದು ಬರಲಿಲ್ಲ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ, ಅಂಗಡಿಗೆ ಬಂದ ಹೊಸ ಮಿಷನ್ನನ್ನು ನೋಡುವಂತೆ.

"ಹೆಂಗೆ ಮಾಡಿದೆ?"

ನನ್ನ ಕೆಲಸದ ಬಗ್ಗೆ ಅಪ್ಪ ಕೇಳಿದ ಮೊದಲ ಪ್ರಶ್ನೆ ಅದು. ಹೆಬ್ಬೆರಳು ಎಲ್ಲಿ ಒತ್ತಬೇಕೆಂದು ಅವನ ಕೈ ಹಿಡಿದು ತೋರಿಸಿದೆ.

ಬೆಲ್ ಹೊಡೆಯಿತು. ಒಳಗೆ ಕೂತ ಮೇಲೆ ಅಪ್ಪ ಎಣ್ಣೆ ಕುಪ್ಪಿಯನ್ನು ನನ್ನ ಕೈಗೆ ಕೊಟ್ಟ. "ಇಟ್ಕೋ. ನನ್ ಹತ್ರ ಇದ್ರೆ ಕೈ ಸುಮ್ನಿರಲ್ಲ."

ಏಳು ಜನರ ಕುಟುಂಬ ಕೊನೆಗೂ ಸಮುದ್ರ ನೋಡದೆಯೇ ಮನೆಗೆ ವಾಪಸಾಯಿತು. ಅತ್ತೆ ಅತ್ತಳು. ಸಿನಿಮಾ ಬಿಟ್ಟ ಮೇಲೆ ಮಾವ ಸಮುದ್ರಕ್ಕಾಗಿ ದಾರಿಯುದ್ದಕ್ಕೂ ಜಗಳವಾಡಿದರು.

"ನಿಂಗೆ ಹೆಂಗನ್ನಿಸ್ತೋ?" ಎಂದು ಅತ್ತೆ ತಮ್ಮನನ್ನು ಕೇಳಿದಳು.

"ಕಥೆ ನಂಗೊತ್ತಿಲ್ಲ ಅಕ್ಕ. ಸೂಟ್‌ಕೇಸ್ ಮಾತ್ರ ಚೆನ್ನಾಗಿ ಆಕ್ಟ್ ಮಾಡಿದೆ," ಎಂದ ಅಪ್ಪ. ಕೆಲಸ ಹೌದೋ ಅಲ್ಲವೋ ಎಂಬುದರ ಸುದ್ದಿಯನ್ನೇ ಎತ್ತಲಿಲ್ಲ. ನಾನೂ ಹೆದರಿ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಸ್ಟುಡಿಯೋಗೆ ಹೊರಟರೆ ಮನೆ ಬಾಗಿಲಲ್ಲಿ ಆ ಸ್ಟೂಲು ನಿಂತಿತ್ತು. ದಿಂಬು ಇರಲಿಲ್ಲ. ಪಕ್ಕದಲ್ಲಿ ಅಪ್ಪ ಕೈ ಒರೆಸಿಕೊಳ್ಳುತ್ತಿದ್ದ, ಮೈಯೆಲ್ಲ ಸೀಮೆಎಣ್ಣೆ ವಾಸನೆ.

"ಸ್ಟುಡಿಯೋಗೆ ತಗೊಂಡ್ ಹೋಗು," ಎಂದು ಸ್ಟೂಲನ್ನು ಒಂದು ಸುತ್ತು ತಿರುಗಿಸಿದ. ಅದು ಬೀದಿಗೆಲ್ಲ ಕೇಳುವಂತೆ ಕಿರುಗುಟ್ಟಿತು. "ಬಿಟ್ಟಿದ್ದ ಎಣ್ಣೆನೆಲ್ಲ ತೊಳೆದು ತೆಗೆದಿದೀನಿ."